ಬ್ರೇಕ್ ಯಾರ ಕೈಯಲ್ಲಿ? ಚಾಲಕನಿಲ್ಲದ ಸವಾರಿಯ ಒಂದು ಸಣ್ಣ ಚರಿತ್ರೆ

ಡ್ರೈವರ್ ಇಲ್ಲದ ಕಾರಿನಲ್ಲಿ ಕೂರುತ್ತೀರಾ ಎಂದು ನಮ್ಮ ಬಳಗದಲ್ಲಿ ಯಾರನ್ನು ಕೇಳಿದರೂ ಸಾಮಾನ್ಯವಾಗಿ ಬರುವ ಉತ್ತರ ಎರಡು. ಒಂದು, “ಅಯ್ಯೋ, ನಾನಂತೂ ಕೂರೋದಿಲ್ಲ.” ಇನ್ನೊಂದು, “ಮೊದಲು ಅದು ಸಂಜೆ ಆರು ಗಂಟೆಗೆ ಸಿಂಹಗಡ ರಸ್ತೆಯಲ್ಲಿ ಓಡಿ ತೋರಿಸಲಿ, ಆಮೇಲೆ ನೋಡೋಣ.” ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಬರೆದು ಸಂಬಳ ತರುವ ನಾನು ಯಂತ್ರದ ಪರವಾಗಿ ವಾದಿಸುತ್ತೇನೆಂದು ಎಲ್ಲರೂ ಅಂದುಕೊಳ್ಳುತ್ತಾರೆ. ಈ ಲೇಖನದಲ್ಲಿ ನಾನು ವಾದ ಮಾಡುವುದಿಲ್ಲ. ಹೊಸ ವಾಹನ ಬಂದಾಗಲೆಲ್ಲ ಜನ ಯಾಕೆ ಹೆದರಿದರು, ಆ ಹೆದರಿಕೆ ಹೇಗೆ ಹೋಯಿತು ಎಂಬ ಚರಿತ್ರೆಯನ್ನು ಸ್ವಲ್ಪ ನೋಡೋಣ.

ಹೆದರಿಕೆಯನ್ನು “ಅಜ್ಞಾನ” ಎಂದು ತಳ್ಳಿಹಾಕುವುದು ಸುಲಭ. ಆದರೆ ಸುಮಾರು ನೂರೆಪ್ಪತ್ತು ವರ್ಷಗಳ ಕಥೆಯನ್ನು ಜೋಡಿಸಿ ನೋಡಿದರೆ ಜನ ಪ್ರತಿ ಸಲವೂ ಬಹಳ ವಿವೇಕದ ಎರಡು ಪ್ರಶ್ನೆ ಕೇಳಿದ್ದಾರೆ. ಬೇಕೆಂದಾಗ ಇದು ನಿಲ್ಲುತ್ತದೆಯೇ? ಏನಾದರೂ ಆದರೆ ಯಾರನ್ನು ಕೇಳಬೇಕು? ಈ ಎರಡಕ್ಕೆ ಉತ್ತರ ಸಿಕ್ಕಾಗ ನಂಬಿಕೆ ಬಂದಿದೆ, ಸಿಗದಿದ್ದಾಗ ಬಂದಿಲ್ಲ. ಹೆಣ್ಣುಮಕ್ಕಳಾದ ನಮಗೆ ಇದರ ಜೊತೆಗೆ ಮೂರನೆಯದೊಂದು ಪ್ರಶ್ನೆಯೂ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಎತ್ತಿಗೆ ದಾರಿ ಗೊತ್ತಿತ್ತು

ಚಾಲಕನಿಲ್ಲದ ವಾಹನ ನಮಗೆ ತೀರಾ ಹೊಸದೇನಲ್ಲ. ಧಾರವಾಡ ಕಡೆಯ ನಮ್ಮ ಅಜ್ಜಿಯ ಕಾಲದಲ್ಲಿ ಸಂತೆ ಮುಗಿಸಿ, ಜಾತ್ರೆ ಮುಗಿಸಿ ರಾತ್ರಿ ಚಕ್ಕಡಿಯಲ್ಲಿ ಊರಿಗೆ ಹೊರಟರೆ ಗಾಡಿ ಹೊಡೆಯುವವನು ಅರ್ಧ ದಾರಿಯಲ್ಲೇ ತೂಕಡಿಸುತ್ತಿದ್ದನಂತೆ. “ಎತ್ತಿಗೆ ದಾರಿ ಗೊತ್ತೈತಿ, ನೀ ಮಲ್ಕೊ” ಎಂದು ಹೆಂಗಸರು ಮಕ್ಕಳನ್ನು ತೊಡೆಯ ಮೇಲೆ ಹಾಕಿಕೊಂಡು ತಾವೂ ಕಣ್ಣು ಮುಚ್ಚುತ್ತಿದ್ದರು. ಬೆಳಗಿನ ಜಾವ ಗಾಡಿ ಮನೆಯ ಮುಂದೆ ನಿಂತಿರುತ್ತಿತ್ತು. ಆ ನಂಬಿಕೆಗೆ ಕಾರಣ ಇತ್ತು. ಎತ್ತು ಮನೆಯದು, ಅದರ ಗುಣ ಎಲ್ಲರಿಗೂ ಗೊತ್ತು, ಅದಕ್ಕೂ ಹಳ್ಳಕ್ಕೆ ಬೀಳುವ ಆಸೆ ಇಲ್ಲ.

ತೇರನ್ನೂ ನೆನೆಸಿಕೊಳ್ಳಿ. ನಮ್ಮ ಊರುಗಳ ರಥೋತ್ಸವದಲ್ಲಿ ಅಷ್ಟು ಭಾರದ ರಥಕ್ಕೆ ಸ್ಟಿಯರಿಂಗ್ ಇಲ್ಲ, ಬ್ರೇಕ್ ಇಲ್ಲ. ಸಾವಿರಾರು ಜನ ಹಗ್ಗ ಹಿಡಿದು ಎಳೆಯುತ್ತಾರೆ. ಆದರೆ ಚಕ್ರದ ಪಕ್ಕದಲ್ಲೇ ಕೆಲವರು ಮರದ ದಿಮ್ಮಿ ಹಿಡಿದು ನಡೆಯುತ್ತಿರುತ್ತಾರೆ. ತೇರು ವಾಲಿದರೆ ತಿರುಗಿಸಲು, ವೇಗ ಹೆಚ್ಚಿದರೆ ನಿಲ್ಲಿಸಲು ಚಕ್ರದಡಿ ಸನ್ನೆ ಕೊಡುವವರು ಅವರು. ಬಾಳೆಹಣ್ಣು ಎಸೆಯುವ ಜನರ ಕಣ್ಣು ಕಳಸದ ಮೇಲಿದ್ದರೂ ಅವರ ಧೈರ್ಯ ಇರುವುದು ಈ ಸನ್ನೆಯವರ ಮೇಲೆ. ತಲೆಮಾರಿನಿಂದ ಆ ಕೆಲಸ ಯಾವ ಮನೆಯವರದು ಎಂಬುದು ಊರಿಗೆಲ್ಲ ಗೊತ್ತಿರುತ್ತದೆ. ನಿಲ್ಲಿಸುವ ಉಪಾಯವೂ ಇದೆ, ಹೊಣೆಗಾರರೂ ಇದ್ದಾರೆ.

ಬೋರ್ ಘಾಟಿನ ರೈಲು

ಈ ಎರಡೂ ಗೊತ್ತಿಲ್ಲದ ಒಂದು ವಾಹನ ನಮ್ಮ ಈ ಭಾಗಕ್ಕೆ ಬಂದದ್ದು 1853ರ ಏಪ್ರಿಲ್ 16ರಂದು. ಮುಂಬೈಯ ಬೋರಿಬಂದರಿನಿಂದ ಠಾಣೆಗೆ ಸುಮಾರು 34 ಕಿಲೋಮೀಟರ್. 14 ಡಬ್ಬಿ, ಸುಮಾರು 400 ಅತಿಥಿಗಳು. ಎಳೆಯಲು ಎತ್ತಿಲ್ಲ, ಕುದುರೆಯಿಲ್ಲ. ಬೆಂಕಿ ಉಗುಳುತ್ತ ತಾನೇ ಓಡುವ ಈ ಯಂತ್ರಕ್ಕೆ ಜನ ‘ಚಾಕ್ಯಾ ಮ್ಹಸೋಬಾ’, ಅಂದರೆ ಚಕ್ರದ ಮೇಲಿನ ಮ್ಹಸೋಬಾ, ಎಂದು ಹೆಸರಿಟ್ಟ ಕಥೆಯನ್ನು ಮರಾಠಿಗರು ಇಂದಿಗೂ ಹೇಳುತ್ತಾರೆ. ಮ್ಹಸೋಬಾ ಎಂದರೆ ಊರ ಗಡಿಯಲ್ಲಿ ಕುಂಕುಮ ಬಳಿದ ಕಲ್ಲಾಗಿ ಕೂರುವ, ಕೋಪ ಬಂದರೆ ಸುಮ್ಮನಿರದ ದೇವರು. ಅರ್ಥವಾಗದ ಶಕ್ತಿಗೆ ಗೊತ್ತಿರುವ ದೇವರ ಹೆಸರು ಕೊಟ್ಟರೆ ಅದನ್ನು ಕೈ ಮುಗಿದಾದರೂ ಮಾತಾಡಿಸಬಹುದಲ್ಲ!

ಪುಣೆಗೆ ರೈಲು ಬಂದದ್ದು 1858ರಲ್ಲಿ. ಆದರೆ ಅದು ಖಂಡಾಲಾದಿಂದ ಪುಣೆಗೆ ಮಾತ್ರ. ಮುಂಬೈ ಕಡೆಯಿಂದ ಬಂದ ರೈಲು ಘಾಟಿನ ಕೆಳಗೆ ಖೋಪೋಲಿಯಲ್ಲಿ ನಿಲ್ಲುತ್ತಿತ್ತು. ನಡುವಿನ ಘಾಟನ್ನು ಪ್ರಯಾಣಿಕರು ಪಾಲಕಿಯಲ್ಲೋ, ತಟ್ಟುವಿನ ಮೇಲೋ, ಗಾಡಿಯಲ್ಲೋ ಹತ್ತಬೇಕಿತ್ತು. ಒಂದೇ ದಿನದ ಪ್ರಯಾಣದಲ್ಲಿ ಮನುಷ್ಯರ ಹೆಗಲು, ಪ್ರಾಣಿಯ ಬೆನ್ನು, ಯಂತ್ರದ ಗಾಲಿ ಮೂರನ್ನೂ ನಂಬಬೇಕಾಗಿದ್ದ ವರ್ಷಗಳು ಅವು.

ಆ ಘಾಟಿನಲ್ಲಿ ರೈಲು ಹಾದಿ ಮುಗಿದದ್ದು 1863ರಲ್ಲಿ. ಸುಮಾರು 24 ಕಿಲೋಮೀಟರ್ ಉದ್ದ, 25 ಸುರಂಗ, ಕೆಲವು ಕಡೆ 37 ಅಡಿ ಮುಂದೆ ಹೋದರೆ ಒಂದು ಅಡಿ ಏರುವಷ್ಟು ಕಡಿದು. ಇದರ ಕಾಂಟ್ರ್ಯಾಕ್ಟರ್ ಸಾಲೊಮನ್ ಟ್ರೆಡ್ವೆಲ್ 1859ರಲ್ಲಿ ಭಾರತಕ್ಕೆ ಬಂದ ಕೆಲವೇ ವಾರಗಳಲ್ಲಿ ತೀರಿಕೊಂಡ. ಕಾಂಟ್ರ್ಯಾಕ್ಟನ್ನು ಕೈಬಿಡದೆ, ಇಬ್ಬರು ಎಂಜಿನಿಯರುಗಳ ಜೊತೆ ಸೇರಿ ಕೆಲಸ ಮುಗಿಸಿದ್ದು ಅವನ ಹೆಂಡತಿ ಆಲಿಸ್ ಟ್ರೆಡ್ವೆಲ್. ಕೆಲಸ ಭರದಲ್ಲಿದ್ದಾಗ ಅಲ್ಲಿ 40,000ಕ್ಕೂ ಹೆಚ್ಚು ಕೂಲಿಕಾರರು ದುಡಿದರು. ಕಾಲರಾ ಮತ್ತು ಅಪಘಾತಗಳಲ್ಲಿ ಸತ್ತವರ ಹೆಸರುಗಳು ಎಲ್ಲೂ ಇಲ್ಲ. ಮುಂಬೈಗೆ ಹೋಗುವಾಗ ಲೋಣಾವಳಾ ದಾಟಿದ ಮೇಲೆ ಕಿಟಕಿಯಿಂದ ಇಣುಕಿದರೆ ಈ ಇಬ್ಬರನ್ನೂ, ಅಂದರೆ ಆ ಹೆಣ್ಣುಮಗಳನ್ನೂ ಹೆಸರಿಲ್ಲದ ಆ ಸಾವಿರಾರು ಮಂದಿಯನ್ನೂ, ನೆನೆಯಬೇಕು ಅನ್ನಿಸುತ್ತದೆ.

ಇಂಥ ಇಳಿಜಾರಿನಲ್ಲಿ ರೈಲನ್ನು ಮೇಲೆ ಹತ್ತಿಸುವುದಕ್ಕಿಂತ ಕೆಳಗೆ ಇಳಿಸುವುದೇ ಕಷ್ಟ. ಬ್ರೇಕ್ ಹಿಡಿಯದಿದ್ದರೆ ಏನು ಗತಿ? ಅದಕ್ಕೆ ಘಾಟಿನಲ್ಲಿ ‘ಕ್ಯಾಚ್ ಸೈಡಿಂಗ್’ ಎಂಬ ಏರ್ಪಾಡು ಮಾಡಿದರು. ಹಿಡಿತ ತಪ್ಪಿದ ಗಾಡಿಯನ್ನು ಪಕ್ಕದ ಏರುಹಾದಿಗೆ ತಿರುಗಿಸಿಬಿಟ್ಟರೆ ಅದು ತಾನಾಗಿ ವೇಗ ಕಳೆದುಕೊಂಡು ನಿಲ್ಲುತ್ತದೆ. ಚಾಲಕ ತಪ್ಪಬಹುದು, ಬ್ರೇಕೂ ತಪ್ಪಬಹುದು ಎಂದು ಮೊದಲೇ ಒಪ್ಪಿಕೊಂಡು ಮಾಡಿದ ವ್ಯವಸ್ಥೆ ಇದು. ಮುಂದೆ ಡಬ್ಬಿಯೊಳಗೆ ಎಳೆಯುವ ಚೈನೂ ಬಂತು. ಕಾರಣವಿಲ್ಲದೆ ಎಳೆದರೆ ದಂಡ ಅಥವಾ ಜೈಲು ನಿಜ, ಆದರೂ ಆ ಕೆಂಪು ಹಿಡಿ ನಮ್ಮ ಕೈಗೆಟುಕುವಲ್ಲಿದೆ. ಎಂಜಿನ್ ಓಡಿಸುವವನ ಮುಖ ನೋಡದೆಯೇ ನಾವು ರೈಲಿನಲ್ಲಿ ನಿದ್ದೆ ಮಾಡುವುದಕ್ಕೆ ಅದೂ ಒಂದು ಕಾರಣ.

ಇನ್ನೊಂದು ವಿಷಯ. 1890ರ ರೈಲ್ವೆ ಕಾಯ್ದೆಯ 64ನೇ ಕಲಮು ಪ್ರಯಾಣಿಕರ ಪ್ರತಿ ರೈಲಿನಲ್ಲೂ ಅತಿ ಕೆಳಗಿನ ದರ್ಜೆಯ ಒಂದು ಕಂಪಾರ್ಟ್‌ಮೆಂಟನ್ನಾದರೂ ಹೆಂಗಸರಿಗೇ ಮೀಸಲಿಡಬೇಕು ಎಂದಿತು. ಹೆಣ್ಣುಮಕ್ಕಳ ಭಯ ಎಂಜಿನ್ನಿನದಕ್ಕಿಂತ ಹೆಚ್ಚಾಗಿ ಪಕ್ಕದಲ್ಲಿ ಕೂರುವವರದು ಎಂದು ಕಾನೂನು ಅಂದೇ ಬರೆದಿಟ್ಟುಕೊಂಡಿತ್ತು. ಮೂರನೆಯ ಪ್ರಶ್ನೆ ಎಂದೆನಲ್ಲ, ಅದರ ಬೇರು ಇಲ್ಲಿದೆ: ನನ್ನ ಜೊತೆ ಒಳಗೆ ಯಾರಿದ್ದಾರೆ?

ಕೆಂಪು ಬಾವುಟ ಮತ್ತು ಚರ್ಮದ ತುಂಡು

ರೈಲಿಗೆ ತನ್ನದೇ ಹಳಿ ಇದೆ. ಎಲ್ಲರೂ ನಡೆಯುವ ರಸ್ತೆಗೆ ಕುದುರೆಯಿಲ್ಲದ ಗಾಡಿ ಬಂದಾಗ ಗಲಾಟೆ ಇನ್ನೂ ಜೋರಾಯಿತು. ಬ್ರಿಟನ್ನಿನಲ್ಲಿ 1865ರ ಕಾಯ್ದೆಯ ಪ್ರಕಾರ ಯಂತ್ರದ ಗಾಡಿ ಊರೊಳಗೆ ಗಂಟೆಗೆ 2 ಮೈಲಿ, ಹೊರಗೆ 4 ಮೈಲಿಗಿಂತ ವೇಗವಾಗಿ ಹೋಗುವಂತಿರಲಿಲ್ಲ. ಮುಂದೆ ಒಬ್ಬ ಮನುಷ್ಯ ಕೆಂಪು ಬಾವುಟ ಹಿಡಿದು ನಡೆಯಬೇಕಿತ್ತು. ಇವತ್ತು ನಗು ಬರುತ್ತದೆ. ಆದರೆ ಇಂದು ಸ್ವಯಂಚಾಲಿತ ಕಾರಿನ ಪರೀಕ್ಷೆ ನಡೆಸುವಾಗ ಸ್ಟಿಯರಿಂಗ್ ಮುಂದೆ ಸುಮ್ಮನೆ ಕೂರುವ ‘ಸೇಫ್ಟಿ ಡ್ರೈವರ್’ ಮಾಡುವುದೂ ಅದೇ ಕೆಲಸ.

1888ರ ಆಗಸ್ಟಿನಲ್ಲಿ ಜರ್ಮನಿಯ ಬರ್ತಾ ಬೆಂಜ್ ತನ್ನ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು, ಗಂಡ ಕಾರ್ಲ್ ಬೆಂಜ್‌ಗೆ ಹೇಳದೆ, ಅವನು ಕಟ್ಟಿದ ಮೋಟಾರು ಗಾಡಿಯಲ್ಲಿ ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ, ತವರಿಗೆ, ಸುಮಾರು 106 ಕಿಲೋಮೀಟರ್ ಹೊರಟುಬಿಟ್ಟಳು. ಯಾರೂ ಕೊಳ್ಳದಿದ್ದ ಗಾಡಿ ಅದು. ಇಳಿಜಾರಿನಲ್ಲಿ ಮರದ ಬ್ರೇಕು ಸವೆದಾಗ ದಾರಿಯಲ್ಲಿ ಚಮ್ಮಾರನೊಬ್ಬನನ್ನು ಹಿಡಿದು ಅದಕ್ಕೆ ಚರ್ಮದ ಪಟ್ಟಿ ಹೊಡೆಸಿದಳು. ಬ್ರೇಕ್ ಲೈನಿಂಗ್ ಎಂದು ಇಂದು ಮೆಕ್ಯಾನಿಕ್ ಬಿಲ್ಲಿನಲ್ಲಿ ಬರೆಯುವ ವಸ್ತು ಹೀಗೆ ಹುಟ್ಟಿತು. ಜನರಿಗೆ ಕಾರು ಓಡುತ್ತದೆ ಎಂದು ತೋರಿಸಿದ್ದು ಅವಳು. ಕಾರು ಚೆನ್ನಾಗಿ ನಿಲ್ಲಬೇಕು ಎಂದು ಕಂಡುಕೊಂಡವಳೂ ಅವಳೇ.

ನಮ್ಮಲ್ಲೂ ಇಂಥ ಬೆರಗಿನ ನೆನಪುಗಳಿವೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಓದಿದವರಿಗೆ ಮಲೆನಾಡಿಗೆ ಪಾದ್ರಿ ತಂದ ಬೈಸಿಕಲ್ಲಿನ ಪ್ರಸಂಗ ಮರೆಯುವುದಿಲ್ಲ. ಎರಡು ಚಕ್ರದ ಮೇಲೆ ಬೀಳದೆ ಹೋಗುವುದು ಅಲ್ಲಿಯ ಜನಕ್ಕೆ ಪವಾಡದಂತೆ ಕಂಡಿತು. ಮುಂದೊಂದು ಕಾಲಕ್ಕೆ ನಮ್ಮ ಪುಣೆಯನ್ನೇ ಸೈಕಲ್ಲುಗಳ ಊರು ಎಂದು ಕರೆದರು. ಬೆರಗು ಬಳಕೆಯಾಗಲು ಬಹಳ ಕಾಲ ಬೇಕಿಲ್ಲ.

ದಿನಾ ಹತ್ತುವ ಚಾಲಕನಿಲ್ಲದ ವಾಹನ

ಈ ಲೇಖನ ಓದುತ್ತಿರುವವರಲ್ಲಿ ಬಹುತೇಕರು ಇವತ್ತೇ ಚಾಲಕನಿಲ್ಲದ ವಾಹನದಲ್ಲಿ ಕೂತಿರಬಹುದು, ಅಲ್ಲ, ನಿಂತಿರಬಹುದು. ನಿಮ್ಮ ಸೊಸೈಟಿಯ ಲಿಫ್ಟು!

1854ರಲ್ಲಿ ಎಲಿಶಾ ಓಟಿಸ್ ನ್ಯೂಯಾರ್ಕಿನ ಪ್ರದರ್ಶನವೊಂದರಲ್ಲಿ ತಾನೇ ಲಿಫ್ಟಿನ ಮೇಲೆ ನಿಂತು, ಎಲ್ಲರೆದುರು ಅದರ ಹಗ್ಗ ಕತ್ತರಿಸುವಂತೆ ಹೇಳಿದ. ಲಿಫ್ಟು ಬೀಳಲಿಲ್ಲ, ಅವನ ಸುರಕ್ಷಾ ಬ್ರೇಕು ಹಿಡಿದುಕೊಂಡಿತು. ಆ ಬಳಿಕವಷ್ಟೇ ಜನ ಲಿಫ್ಟು ಹತ್ತತೊಡಗಿದರು. ಆಗಲೂ ಒಳಗೆ ಲಿಫ್ಟ್‌ಮನ್ ಬೇಕೇ ಬೇಕಿತ್ತು. ಗುಂಡಿ ಒತ್ತಿದರೆ ತಾನೇ ಹೋಗುವ ಲಿಫ್ಟಿನ ತಂತ್ರ ಇಪ್ಪತ್ತನೆಯ ಶತಮಾನದ ಆರಂಭಕ್ಕೇ ಬಂದಿದ್ದರೂ ದೊಡ್ಡ ಕಟ್ಟಡಗಳಲ್ಲಿ ಜನ ಅದನ್ನು ಒಪ್ಪಲಿಲ್ಲ. 1945ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಸಾವಿರಾರು ಲಿಫ್ಟ್‌ಮನ್‌ಗಳು ಮುಷ್ಕರ ಹೂಡಿದಾಗ ಗಗನಚುಂಬಿಗಳ ಊರೇ ನಿಂತುಹೋಯಿತು. ಕಟ್ಟಡಗಳ ಮಾಲೀಕರಿಗೆ ತಾನೇ ಓಡುವ ಲಿಫ್ಟಿನ ಮೇಲೆ ಮನಸ್ಸಾದದ್ದು ಆಮೇಲೆ. ಅದರ ಜೊತೆಗೆ ನಿಲ್ಲಿಸುವ ಕೆಂಪು ಗುಂಡಿ, ಅಲಾರ್ಮ್, ಹೊರಗಿನವರೊಡನೆ ಮಾತಾಡುವ ಫೋನು ಬಂದವು. ಮುಂಬೈ ಪ್ರಾಂತ್ಯದಲ್ಲಿ ಲಿಫ್ಟುಗಳಿಗೆಂದೇ 1939ರಲ್ಲಿ ಕಾಯ್ದೆ ಬಂದಿತ್ತು, ಮಹಾರಾಷ್ಟ್ರ ಅದನ್ನು 2017ರಲ್ಲಿ ಹೊಸದಾಗಿ ಬರೆಯಿತು. ಇಷ್ಟೆಲ್ಲ ಇರುವುದರಿಂದ ನಾವು ಆರು ವರ್ಷದ ಮಗುವಿನ ಕೈ ಹಿಡಿದು ಹನ್ನೊಂದನೆಯ ಮಹಡಿಗೆ ಯೋಚನೆಯಿಲ್ಲದೆ ಹೋಗುತ್ತೇವೆ. ಆದರೂ ರಾತ್ರಿ ಹೊತ್ತು ಅಪರಿಚಿತನೊಬ್ಬ ಒಳಗಿದ್ದರೆ “ಮುಂದಿನದರಲ್ಲಿ ಬರ್ತೀನಿ” ಎನ್ನುವುದು ನಾವು ಹೆಂಗಸರೇ. ಯಂತ್ರದ ಭಯ ಹೋಗಿದೆ, ಮೂರನೆಯ ಪ್ರಶ್ನೆ ಉಳಿದಿದೆ.

ಮೆಟ್ರೊ: ಕ್ಯಾಬಿನ್ ಖಾಲಿಯಾದ ದಿನ

ಭಾರತದಲ್ಲಿ ಚಾಲಕನಿಲ್ಲದ ಮೊದಲ ರೈಲು ಸೇವೆ 2020ರ ಡಿಸೆಂಬರ್ 28ರಂದು ದೆಹಲಿ ಮೆಟ್ರೊದ ಮಜೆಂಟಾ ಮಾರ್ಗದಲ್ಲಿ ಶುರುವಾಯಿತು. ಅದೇ ಮಾರ್ಗದಲ್ಲಿ ಮೂರು ವರ್ಷ ಮೊದಲು, 2017ರ ಡಿಸೆಂಬರಿನಲ್ಲಿ, ಉದ್ಘಾಟನೆಗೆ ಕೆಲವೇ ದಿನ ಇರುವಾಗ ಕಾಳಿಂದಿ ಕುಂಜ್ ಡಿಪೋದಲ್ಲಿ ರೈಲೊಂದು ಗೋಡೆ ಒಡೆದು ಹೊರಗೆ ಬಂದಿತ್ತು. ಯಾರಿಗೂ ಪೆಟ್ಟಾಗಲಿಲ್ಲ. “ನೋಡಿ, ಡ್ರೈವರ್ ಇಲ್ಲದಿದ್ದರೆ ಹೀಗೇ” ಎಂದು ಎಲ್ಲರೂ ಅಂದರು. ಆದರೆ ವರ್ಕ್‌ಷಾಪಿನ ಮನುಷ್ಯರು ಬ್ರೇಕ್ ಸರಿಯಾಗಿದೆಯೇ ಎಂದು ನೋಡದೆ ಗಾಡಿ ಬಿಟ್ಟದ್ದೇ ಅದಕ್ಕೆ ಕಾರಣವಾಗಿತ್ತು. ಸೇವೆ ಶುರುವಾದ ಮೇಲೂ ದೆಹಲಿ ಮೆಟ್ರೊ ಆತುರಪಡಲಿಲ್ಲ. ಮೊದಮೊದಲು ಸಿಬ್ಬಂದಿಯೊಬ್ಬರು ರೈಲಿನೊಳಗೇ ಓಡಾಡುತ್ತಿದ್ದರು. ಜನಕ್ಕೆ ಒಗ್ಗಿಕೊಳ್ಳಲು ಕಾಲ ಕೊಟ್ಟರು.

ನಮ್ಮ ಬೆಂಗಳೂರಿನಲ್ಲಿ 2025ರ ಆಗಸ್ಟ್ 10ರಂದು ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ ಹಳದಿ ಮಾರ್ಗ ಆರಂಭವಾಯಿತು. 19 ಕಿಲೋಮೀಟರ್, 16 ನಿಲ್ದಾಣ. ಅದರ ರೈಲುಗಳು ಚಾಲಕನಿಲ್ಲದೆ ಓಡಬಲ್ಲವು, ಆದರೂ ಚಾಲಕರನ್ನು ಕೂರಿಸಿಯೇ ಓಡಿಸಲು ಶುರು ಮಾಡಿದರು. ಇದೂ ಕೆಂಪು ಬಾವುಟದ ಮೊಮ್ಮಗನೇ.

ಪುಣೆಯಲ್ಲಿ ಮೆಟ್ರೊ ಶುರುವಾದದ್ದು 2022ರ ಮಾರ್ಚ್ 6ರಂದು. ಇಲ್ಲಿ ಕ್ಯಾಬಿನ್ನಿನಲ್ಲಿ ಹೆಣ್ಣುಮಕ್ಕಳನ್ನು ಕಂಡು ಪ್ರಯಾಣಿಕರು ಮೊಬೈಲ್ ಎತ್ತಿ ಫೋಟೊ ತೆಗೆದದ್ದನ್ನು ನಾನೂ ನೋಡಿದ್ದೇನೆ. ಈ ದಾರಿಯನ್ನು ತೆರೆದವರು ಸಾತಾರಾ ಜಿಲ್ಲೆಯ ಸುರೇಖಾ ಯಾದವ್, ಏಷ್ಯಾದ ಮೊದಲ ಮಹಿಳಾ ರೈಲು ಚಾಲಕಿ. 2011ರ ಮಾರ್ಚ್ 8ರಂದು ಅವರು ಪುಣೆಯಿಂದ ಮುಂಬೈಗೆ ಡೆಕ್ಕನ್ ಕ್ವೀನ್ ಓಡಿಸಿದರು, ಅದೇ ಆಲಿಸ್ ಟ್ರೆಡ್ವೆಲ್ ಮುಗಿಸಿದ ಘಾಟಿನಲ್ಲಿ. ಹೆಣ್ಣು ಓಡಿಸುತ್ತಾಳೆಂದರೆ ಹತ್ತಲು ಹಿಂಜರಿಯುತ್ತಿದ್ದ ಕಾಲವೂ ಇತ್ತು ಎಂಬುದನ್ನು ಮರೆಯಬಾರದು. ಯಾರನ್ನು ನಂಬಬೇಕು ಎಂಬ ನಮ್ಮ ಅಂದಾಜು ಯಾವಾಗಲೂ ಸರಿಯಾಗಿರುವುದಿಲ್ಲ.

ಕಾರಿನ ಕಥೆ

ಹಳಿಯ ಮೇಲೆ ಎದುರಿಗೆ ಎಮ್ಮೆ, ಸ್ಕೂಟರು, ಗಣಪತಿ ಮೆರವಣಿಗೆ ಬರುವುದಿಲ್ಲ. ರಸ್ತೆಯಲ್ಲಿ ಬರುತ್ತವೆ. ಕಾರಿನ ಕಥೆ ಕಷ್ಟವಾದದ್ದು ಅಲ್ಲಿಯೇ.

2004ರ ಮಾರ್ಚಿನಲ್ಲಿ ಅಮೆರಿಕದ ರಕ್ಷಣಾ ಇಲಾಖೆಯ ಸಂಶೋಧನಾ ಸಂಸ್ಥೆ ದಾರ್ಪಾ ಮರುಭೂಮಿಯಲ್ಲಿ ಚಾಲಕನಿಲ್ಲದ ವಾಹನಗಳ ಸ್ಪರ್ಧೆ ಇಟ್ಟಿತು. ಒಂದು ವಾಹನವೂ ಗುರಿ ಮುಟ್ಟಲಿಲ್ಲ, ಎಲ್ಲಕ್ಕಿಂತ ಮುಂದೆ ಹೋದದ್ದು 12 ಕಿಲೋಮೀಟರ್ ಕೂಡ ದಾಟಲಿಲ್ಲ. ಮರುವರ್ಷ ಐದು ವಾಹನಗಳು ಸುಮಾರು 212 ಕಿಲೋಮೀಟರನ್ನು ಪೂರ್ತಿ ಓಡಿದವು. 2009ರಲ್ಲಿ ಗೂಗಲ್ ಈ ಕೆಲಸಕ್ಕೆ ಇಳಿಯಿತು. ಅದೇ ಇಂದಿನ ವೇಮೊ. 2020ರ ಅಕ್ಟೋಬರಿನಲ್ಲಿ ಫೀನಿಕ್ಸ್ ನಗರದಲ್ಲಿ ಚಾಲಕನೇ ಇಲ್ಲದ ಟ್ಯಾಕ್ಸಿ ಸಾಮಾನ್ಯ ಜನರಿಗೆ ಸಿಕ್ಕಿತು. 2024ರ ಜೂನ್‌ನಿಂದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಯಾರು ಬೇಕಾದರೂ ಕರೆಯಬಹುದಾಯಿತು. ಮಕ್ಕಳ ಮನೆಗೆಂದು ಆ ಕಡೆ ಹೋಗಿ ಬಂದ ನಮ್ಮ ಬಳಗದ ಹಿರಿಯರೊಬ್ಬರು ಹೇಳಿದ್ದು ನೆನಪಿದೆ: “ಸ್ಟಿಯರಿಂಗ್ ತಾನೇ ತಿರುಗಿದಾಗ ರಾಯರ ಹೆಸರು ಹೇಳ್ಕೊಂಡೆ. ಐದು ನಿಮಿಷ ಆದ ಮೇಲೆ ಕಿಟಕಿಯಲ್ಲಿ ಮನೆಗಳನ್ನ ನೋಡ್ತಾ ಕೂತಿದ್ದೆ.”

ಆದರೆ ಎಲ್ಲವೂ ಹೀಗೆ ಸುಖವಾಗಿ ನಡೆಯಲಿಲ್ಲ. 2018ರ ಮಾರ್ಚ್ 18ರ ರಾತ್ರಿ ಅರಿಜೋನಾದ ಟೆಂಪಿಯಲ್ಲಿ ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಯೊಬ್ಬರು ಊಬರ್‌ನ ಪರೀಕ್ಷಾ ಕಾರಿಗೆ ಸಿಕ್ಕಿ ಸತ್ತರು. ಆ ದೇಶದ ತನಿಖಾ ಮಂಡಳಿಯ ವರದಿ ಓದಿದಾಗ ಸಾಫ್ಟ್‌ವೇರಿನವಳಾದ ನನಗೆ ಕೂತಲ್ಲೇ ಮೈ ತಣ್ಣಗಾಯಿತು. ಡಿಕ್ಕಿಗೆ 5.6 ಸೆಕೆಂಡ್ ಮೊದಲೇ ಯಂತ್ರ ಆಕೆಯನ್ನು ಕಂಡಿತ್ತು. ಆದರೆ ಅದು ವಾಹನವೋ, ಸೈಕಲ್ಲೋ, ಬೇರೇನೋ ಎಂದು ನಿರ್ಧಾರ ಬದಲಿಸುತ್ತಲೇ ಇತ್ತು. ಜೀಬ್ರಾ ಪಟ್ಟೆ ಇಲ್ಲದ ಕಡೆಯೂ ಮನುಷ್ಯರು ರಸ್ತೆ ದಾಟಬಹುದು ಎಂಬುದನ್ನು ಆ ಪ್ರೋಗ್ರಾಮು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಕಾರಿನ ಕಂಪನಿ ಕೊಟ್ಟಿದ್ದ ತುರ್ತು ಬ್ರೇಕನ್ನು ಪರೀಕ್ಷೆಗಾಗಿ ಆರಿಸಿಡಲಾಗಿತ್ತು. ಕಾವಲಿಗೆ ಕೂತಿದ್ದ ಚಾಲಕಿ ಫೋನ್ ನೋಡುತ್ತಿದ್ದರು. ಮುಂದೆ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡು ಶಿಕ್ಷೆ ಪಡೆದದ್ದು ಆಕೆ. ಕಂಪನಿಯ ಮೇಲೆ ಕ್ರಿಮಿನಲ್ ಮೊಕದ್ದಮೆ ಆಗಲಿಲ್ಲ. ಜೀಬ್ರಾ ಪಟ್ಟೆ ನೋಡಿ ರಸ್ತೆ ದಾಟುವವರು ಲಕ್ಷ್ಮೀ ರಸ್ತೆಯಲ್ಲಿ ಎಷ್ಟು ಜನ ಸಿಗುತ್ತಾರೆ, ನೀವೇ ಹೇಳಿ.

2023ರ ಅಕ್ಟೋಬರ್ 2ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮನುಷ್ಯ ಓಡಿಸುತ್ತಿದ್ದ ಕಾರು ಪಾದಚಾರಿ ಮಹಿಳೆಯೊಬ್ಬರಿಗೆ ಗುದ್ದಿ, ಆಕೆ ಕ್ರೂಸ್ ಕಂಪನಿಯ ಚಾಲಕನಿಲ್ಲದ ಕಾರಿನ ಮುಂದೆ ಬಿದ್ದರು. ಆ ಕಾರು ಡಿಕ್ಕಿ ಹೊಡೆದು ನಿಂತಿತು. ಆಮೇಲೆ ಪಕ್ಕಕ್ಕೆ ಸರಿಯಲೆಂದು ಆಕೆಯನ್ನು ಸುಮಾರು 6 ಮೀಟರ್ ಎಳೆದೊಯ್ದಿತು. ಎಳೆದೊಯ್ದ ಭಾಗವನ್ನು ಅಧಿಕಾರಿಗಳಿಗೆ ಕಂಪನಿ ಸರಿಯಾಗಿ ತಿಳಿಸಲಿಲ್ಲ. ಮೂರು ವಾರದಲ್ಲಿ ಅದರ ಪರವಾನಗಿ ಹೋಯಿತು, 2024ರ ಡಿಸೆಂಬರಿನಲ್ಲಿ ಮಾತೃಸಂಸ್ಥೆ ಜನರಲ್ ಮೋಟರ್ಸ್ ಆ ಟ್ಯಾಕ್ಸಿ ಯೋಜನೆಯನ್ನೇ ಕೈಬಿಟ್ಟಿತು. ಜನ ಯಂತ್ರದ ತಪ್ಪನ್ನು ಕ್ಷಮಿಸಿಯಾರು, ಮುಚ್ಚಿಟ್ಟದ್ದನ್ನು ಕ್ಷಮಿಸುವುದಿಲ್ಲ. ಅಮೆರಿಕದ ವಾಹನ ಮಾಲೀಕರ ಸಂಘ ಎಎಎ ನಡೆಸಿದ ಸಮೀಕ್ಷೆಯಲ್ಲಿ ಇಂಥ ಕಾರಿಗೆ ಹೆದರುತ್ತೇವೆ ಎಂದವರು 2022ರಲ್ಲಿ ಶೇ. 55 ಇದ್ದವರು 2023ರಲ್ಲಿ ಶೇ. 68 ಆದರು. 2025ರಲ್ಲೂ ಶೇ. 61 ಮಂದಿ ಹೆದರುತ್ತೇವೆ ಎಂದರು, ನಂಬುತ್ತೇವೆ ಎಂದವರು ಶೇ. 13 ಮಾತ್ರ. ತಂತ್ರ ಸುಧಾರಿಸಿದಂತೆ ಭಯ ತಾನಾಗಿ ಇಳಿಯುತ್ತದೆ ಎಂಬ ಲೆಕ್ಕ ಸರಿಯಾಗಲಿಲ್ಲ.

ನಮ್ಮ ದೇಶದಲ್ಲಿ ಇದು ಇನ್ನೂ ಪ್ರಯೋಗದ ಹಂತ. ಬೆಂಗಳೂರಿನ ಮೈನಸ್ ಜೀರೊ ಎಂಬ ಸಣ್ಣ ಕಂಪನಿ 2023ರಲ್ಲಿ ಸ್ಟಿಯರಿಂಗ್ ಇಲ್ಲದ ‘ಜೀಪಾಡ್’ ತೋರಿಸಿತು. 2025ರ ಅಕ್ಟೋಬರಿನಲ್ಲಿ ವಿಪ್ರೊ, ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಆರ್.ವಿ. ಇಂಜಿನಿಯರಿಂಗ್ ಕಾಲೇಜು ಸೇರಿ ಮಾಡಿದ ಕಾರು ಕಾಲೇಜಿನ ಆವರಣದಲ್ಲಿ ಓಡಿತು. ಉತ್ತರಾದಿ ಮಠದ ಶ್ರೀ ಸತ್ಯಾತ್ಮ ತೀರ್ಥ ಸ್ವಾಮೀಜಿ ಅದರಲ್ಲಿ ಕುಳಿತು ಸಾಗಿದ ವಿಡಿಯೊ ನಮ್ಮೆಲ್ಲರ ವಾಟ್ಸಾಪಿಗೂ ಬಂದಿರಬೇಕು. ಕೇಂದ್ರ ಸಚಿವ ನಿತಿನ್ ಗಡ್ಕರಿ ಅವರು ಮಾತ್ರ 2017ರಿಂದಲೂ ಚಾಲಕನಿಲ್ಲದ ಕಾರಿಗೆ ಇಲ್ಲಿ ಅವಕಾಶ ಕೊಡುವುದಿಲ್ಲ, ಲಕ್ಷಾಂತರ ಚಾಲಕರ ಅನ್ನ ಹೋಗುತ್ತದೆ ಎನ್ನುತ್ತ ಬಂದಿದ್ದಾರೆ. ಇದು ಸಣ್ಣ ಮಾತಲ್ಲ. ಸೊಲ್ಲಾಪುರ, ಅಕ್ಕಲಕೋಟೆ, ಕಲಬುರಗಿ ಕಡೆಯಿಂದ ಬಂದು ಪುಣೆಯಲ್ಲಿ ಕ್ಯಾಬ್, ರಿಕ್ಷಾ ಓಡಿಸುವವರು ನಮ್ಮ ಕನ್ನಡ ಕೇಳಿ “ಅಕ್ಕಾರ, ಯಾವೂರ್ರಿ ನಿಮ್ದು?” ಎಂದು ಹಿಂತಿರುಗಿ ಕೇಳಿದಾಗ ಆಗುವ ಸಂತೋಷ ಯಾವ ಸ್ಕ್ರೀನೂ ಕೊಡಲಾರದು.

ಚಾಲಕನಿದ್ದರೂ ಇರುವ ಭಯ

ಹಾಗಾದರೆ ಮನುಷ್ಯನೇ ಇರಲಿ ಎಂದು ಮುಗಿಸಿಬಿಡಬಹುದೇ? 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ ಯಾರೂ ಕಂಪ್ಯೂಟರ್ ಓಡಿಸಿದ ಕಾರಿನಿಂದ ಸಾಯಲಿಲ್ಲ. ಬೆಳಗಾವಿ, ಹುಬ್ಬಳ್ಳಿಗೆ ಹೋಗಿ ಬರುವ ನಮಗೆಲ್ಲ ಕಾತ್ರಜ್ ಸುರಂಗದಿಂದ ನವಲೆ ಸೇತುವೆಗೆ ಇಳಿಯುವ ಹಾದಿ ಗೊತ್ತು. ಡೀಸೆಲ್ ಉಳಿಸಲೆಂದು ಗಾಡಿಯನ್ನು ನ್ಯೂಟ್ರಲ್‌ಗೆ ಹಾಕಿ ಇಳಿಸುವ ಚಟದ ಬಗ್ಗೆ ಪೊಲೀಸರು ಹೇಳುತ್ತಲೇ ಇದ್ದಾರೆ. 2022ರ ನವೆಂಬರ್ 20ರ ರಾತ್ರಿ ಅಲ್ಲಿ ಒಂದೇ ಲಾರಿ ಹಲವಾರು ವಾಹನಗಳಿಗೆ ಗುದ್ದಿತು. ಬೋರ್ ಘಾಟಿನವರು ಆ ಕಾಲದಲ್ಲೇ ಯೋಚಿಸಿದ್ದ ಕ್ಯಾಚ್ ಸೈಡಿಂಗ್ ಇಲ್ಲಿ ಇದ್ದಿದ್ದರೆ ಎನ್ನಿಸದೇ ಇರುವುದಿಲ್ಲ.

ಈಗ ಆ ಮೂರನೆಯ ಪ್ರಶ್ನೆ. 2005ರ ಡಿಸೆಂಬರಿನಲ್ಲಿ ಬೆಂಗಳೂರು, 2007ರ ನವೆಂಬರ್ ಮತ್ತು 2009ರ ಅಕ್ಟೋಬರಿನಲ್ಲಿ ನಮ್ಮ ಪುಣೆ. ಮೂರೂ ಸಲ ಐಟಿ, ಬಿಪಿಒ ಕೆಲಸಕ್ಕೆ ಹೊರಟ ಅಥವಾ ಕೆಲಸದಿಂದ ಮನೆಗೆ ಹೊರಟ ಹೆಣ್ಣುಮಗಳು ವಾಹನ ಓಡಿಸುವವನ ಕೈಯಲ್ಲೇ ಜೀವ ಕಳೆದುಕೊಂಡಳು. ರಾತ್ರಿ ಪಾಳಿಯ ಕ್ಯಾಬಿನಲ್ಲಿ ಗಾರ್ಡ್, ಹುಡುಗಿಯನ್ನು ಕೊನೆಯಲ್ಲಿ ಇಳಿಸಬಾರದೆಂಬ ನಿಯಮ, ಜಿಪಿಎಸ್ ಇವೆಲ್ಲ ಆ ಸಾವುಗಳ ನೆರಳಿನಲ್ಲಿ ಬಂದವು. 2019ರಿಂದ ಹೊಸ ಟ್ಯಾಕ್ಸಿ, ಬಸ್ಸುಗಳಿಗೆ ಇರುವ ಜಾಗ ತಿಳಿಸುವ ಉಪಕರಣ ಮತ್ತು ತುರ್ತು ಗುಂಡಿ ಕಡ್ಡಾಯವಾಯಿತು. ಆದರೂ ರಾತ್ರಿ ಹತ್ತಕ್ಕೆ ಕ್ಯಾಬಿನಲ್ಲಿ ಒಬ್ಬಳೇ ಕೂತಾಗ, ಆ ಕಡೆ ಯಾರೂ ಇಲ್ಲದಿದ್ದರೂ ಫೋನ್ ಕಿವಿಗಿಟ್ಟು “ಹ್ಞೂಂ, ಹತ್ತು ನಿಮಿಷದಲ್ಲಿ ಬರ್ತೀನಿ, ಗೇಟ್ ಹತ್ರಾನೇ ನಿಂತಿರಿ” ಎಂದು ನಾನು ಜೋರಾಗಿ ಹೇಳಿದ್ದುಂಟು. ನಿಮ್ಮಲ್ಲೂ ಎಷ್ಟೋ ಜನ ಹೇಳಿರುತ್ತೀರಿ. ಸ್ಯಾನ್ ಫ್ರಾನ್ಸಿಸ್ಕೋದ ಹಲವು ಹೆಂಗಸರು ಚಾಲಕನಿಲ್ಲದ ಟ್ಯಾಕ್ಸಿಯನ್ನೇ ಬಯಸುತ್ತೇವೆ ಎನ್ನುವುದು ಈ ಕಾರಣಕ್ಕೆ. ಗಂಡಸರಿಗೆ ಭಯ ಹುಟ್ಟಿಸುವ ಖಾಲಿ ಸೀಟು ಅವರಿಗೆ ನೆಮ್ಮದಿ ಕೊಡುತ್ತದೆ.

ಆ ನೆಮ್ಮದಿಯೂ ಪೂರ್ತಿಯಲ್ಲ. 2024ರಲ್ಲಿ ಅದೇ ಊರಿನಲ್ಲಿ ಒಬ್ಬಳೇ ಹೋಗುತ್ತಿದ್ದ ಹೆಣ್ಣುಮಗಳ ವೇಮೊ ಕಾರಿನ ಮುಂದೆ ಇಬ್ಬರು ಗಂಡಸರು ನಿಂತು ಫೋನ್ ನಂಬರ್ ಕೇಳತೊಡಗಿದರು. ಎದುರಿಗೆ ಮನುಷ್ಯನಿದ್ದರೆ ನಿಲ್ಲಬೇಕು ಎಂದು ಕಲಿಸಿದ ಕಾರು ವಿಧೇಯವಾಗಿ ನಿಂತೇ ಇತ್ತು. ಒಳಗೆ ಬಾಗಿಲು ಹಾಕಿಕೊಂಡು ಅವಳು ಅವರು ಹೋಗುವವರೆಗೆ ಕಾದಳು. ನಮ್ಮ ಕ್ಯಾಬಿನ ಒಳ್ಳೆಯ ಅಣ್ಣನೊಬ್ಬ ಹಾರ್ನ್ ಬಾರಿಸಿ, ಬೈದು, ರಿವರ್ಸ್ ತೆಗೆದು ಹೋಗಿರುತ್ತಿದ್ದ. ಬ್ರೇಕ್ ಇತ್ತು, ಆದರೆ ಹೊರಗಿನವರ ಕೈಗೆ ಹೋಗಿತ್ತು.

ನಾವು ಕೇಳಬೇಕಾದದ್ದು

ಕೆಂಪು ಬಾವುಟದ ಕಾಯ್ದೆ ಮಾಡಿದ ಅದೇ ಬ್ರಿಟನ್ 2024ರ ಮೇ ತಿಂಗಳಲ್ಲಿ ಸ್ವಯಂಚಾಲಿತ ವಾಹನಗಳ ಕಾಯ್ದೆ ತಂದಿತು. ಕಾರು ತಾನೇ ಓಡುತ್ತಿರುವಾಗ ಅದು ಓಡುವ ರೀತಿಗೆ ಒಳಗೆ ಕೂತವರು ಹೊಣೆಯಲ್ಲ, ಅದಕ್ಕೆ ಅನುಮತಿ ಪಡೆದ ಕಂಪನಿ ಹೊಣೆ ಎಂದು ಅದು ಹೇಳುತ್ತದೆ. ನಮ್ಮ 1988ರ ಮೋಟಾರು ವಾಹನ ಕಾಯ್ದೆ ಲೈಸೆನ್ಸ್ ಇರುವ ಮನುಷ್ಯನೇ ಚಾಲಕ ಎಂದು ಭಾವಿಸಿ ಬರೆದದ್ದು. ಇವತ್ತೋ ನಾಳೆಯೋ ಅದನ್ನು ತಿದ್ದುವ ಚರ್ಚೆ ಬರುತ್ತದೆ. ಆಗ ಮಾತಾಡುವವರು ಕಾರು ಕಂಪನಿಯವರು, ಇಂಜಿನಿಯರುಗಳು, ಚಾಲಕರ ಸಂಘಟನೆಗಳು. ರಾತ್ರಿ ಒಬ್ಬಳೇ ಪ್ರಯಾಣ ಮಾಡುವವಳ ದನಿ ಅಲ್ಲಿ ಯಾರದು? ಕೋಡ್ ಬರೆಯುವ ಕೊಠಡಿಯಲ್ಲೂ ಅವಳು ಇರಬೇಕು. ಯಾಕೆಂದರೆ ಪಟ್ಟೆಯಿಲ್ಲದಲ್ಲಿ ರಸ್ತೆ ದಾಟುವವರನ್ನು ಮರೆತಂತೆ, ಕಾರನ್ನು ಅಡ್ಡಗಟ್ಟುವವರನ್ನೂ ಮರೆಯುವುದು ಬಹಳ ಸುಲಭ.

ಹೆದರುವ ಅತ್ತೆಯನ್ನೋ ಅಮ್ಮನನ್ನೋ “ಕಾಲ ಬದಲಾಗಿದೆ” ಎಂದು ನಗಬೇಡಿ. ನಿಲ್ಲಿಸುವುದು ಹೇಗೆ, ಕರೆದರೆ ಓಗೊಡುವವರು ಯಾರು, ತಪ್ಪಾದರೆ ಹೊಣೆ ಯಾರದು, ಒಳಗೆ ಹೊರಗೆ ಯಾರಿದ್ದಾರೆ ಎಂಬ ಅವರ ಪ್ರಶ್ನೆಗಳೇ ರೈಲಿಗೆ ಚೈನು ತಂದವು, ಲಿಫ್ಟಿಗೆ ಕೆಂಪು ಗುಂಡಿ ತಂದವು. ಈ ಪ್ರಶ್ನೆಗಳಿಗೆ ಕಾರು ಬರುವವರೆಗೆ ಕಾಯಬೇಕಿಲ್ಲ. ನಾಳೆ ಮೆಟ್ರೊ ಹತ್ತಿದಾಗ ತುರ್ತು ಗುಂಡಿ ಎಲ್ಲಿದೆ ಎಂದು ಮಗಳಿಗೆ ತೋರಿಸಿ. ಸೊಸೈಟಿಯ ಮುಂದಿನ ಸಭೆಯಲ್ಲಿ ಲಿಫ್ಟಿನ ಫೋನ್ ಎತ್ತಿದರೆ ಯಾರು ಮಾತಾಡುತ್ತಾರೆ ಎಂದು ಕೇಳಿ. ಕ್ಯಾಬ್ ಆ್ಯಪಿನ ತುರ್ತು ಗುಂಡಿಯನ್ನು ಮನೆಯ ಹಿರಿಯರೊಡನೆ ಕೂತು ಒಮ್ಮೆ ಹುಡುಕಿಡಿ.